ಡೀಸೆಲ್ ಕೆಟ್ಟರೆ ಹಾಲೂ ಕೆಡುತ್ತದೆ

(ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಮತ್ತು ಶೀತಲೀಕರಣ ಘಟಕದ ಸಿಬ್ಬಂದಿಗಾಗಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ಪಶುವೈದ್ಯರು ಬಂದರೆ ಕೆಚ್ಚಲು ಬಾವಿನ ಬಗ್ಗೆಯೋ, ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆಯೋ ಮಾತನಾಡುತ್ತಾರೆ ಎಂದು ತಾವು ತಿಳಿದಿರಬಹುದು. ಇಂದು ನಾನು ಡೀಸೆಲ್ ಬಗ್ಗೆ ಮಾತನಾಡುತ್ತೇನೆ. ಎಂಜಿನ್ ರಿಪೇರಿ ನನ್ನ ಕೆಲಸವಲ್ಲ, ಅದಕ್ಕೆ ಮೆಕ್ಯಾನಿಕ್ ಇದ್ದಾರೆ. ಆದರೆ ಸೂಕ್ಷ್ಮಜೀವಿಗಳ ವಿಷಯ ನನ್ನದೇ. ಹಾಲನ್ನು ಕೆಡಿಸುವಂಥ ಜೀವಿಗಳ ಬಂಧುಗಳು ಡೀಸೆಲ್ ಟ್ಯಾಂಕಿನಲ್ಲೂ ಬೆಳೆಯುತ್ತವೆ.

ಕರೆದ ಹಾಲಿನ ಬಿಸಿ ಸುಮಾರು 37 ಡಿಗ್ರಿ. ಅದನ್ನು ಬೇಗ 4 ಡಿಗ್ರಿಗೆ ಇಳಿಸುವುದು ಕೂಲರಿನ ಕೆಲಸ. ಕರೆಂಟ್ ಹೋದಾಗ ಕೂಲರನ್ನು ಕಾಯುವುದು ಜನರೇಟರ್. ಬೇಸಿಗೆಯ ಸಂಜೆ ಹಾಲು ತುಂಬಿರುವಾಗಲೇ ಜನರೇಟರ್ ಎರಡು ನಿಮಿಷ ಓಡಿ ನಿಂತರೆ ಗತಿಯೇನು? ಬೆಚ್ಚಗಿನ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೇ ಇಮ್ಮಡಿಯಾಗುತ್ತವೆ. 2000 ಲೀಟರಿನ ಕೂಲರ್ ತುಂಬಿದೆ ಎನ್ನಿ. ಲೀಟರಿಗೆ 35 ರೂಪಾಯಿ ಲೆಕ್ಕ ಹಿಡಿದರೂ ಒಂದೇ ರಾತ್ರಿಗೆ 70,000 ರೂಪಾಯಿ ಹೋಯಿತು. ಅದು ಒಂದು ಎಮ್ಮೆ ಇಟ್ಟುಕೊಂಡು ಮನೆ ನಡೆಸುವ ತಾಯಂದಿರ ದುಡ್ಡು.

ಡೀಸೆಲ್‌ಗೆ ನೀರು ಎಲ್ಲಿಂದ ಬರುತ್ತದೆ?

ನೀರು ಹಾಕಿದವರು ಯಾರೂ ಇರುವುದಿಲ್ಲ, ಆದರೂ ನೀರು ಇರುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕಿನೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ನಮ್ಮ ಬೀದರ್ ಕಡೆ ಚಳಿಗಾಲದಲ್ಲಿ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ರಾತ್ರಿ ಆ ತೇವ ಟ್ಯಾಂಕಿನ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ.

ಎರಡನೆಯ ದಾರಿ ಬ್ಯಾರಲ್. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ಕುಗ್ಗಿದಾಗ ಮುಚ್ಚಳದ ಸಂದಿಯಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಹಾಲಿನಲ್ಲಿ ಹಗುರವಾದ ಕೆನೆ ಮೇಲೆ ಬರುತ್ತದೆಯಲ್ಲವೇ? ಹಾಗೆಯೇ ಇಲ್ಲಿ ಹಗುರವಾದ ಡೀಸೆಲ್ ಮೇಲೆ, ನೀರು ತಳದಲ್ಲಿ. 200 ಲೀಟರಿನ ಬ್ಯಾರಲಿನ ತಳದಲ್ಲಿ ಒಂದು ಸೆಂಟಿಮೀಟರ್ ನೀರಿದ್ದರೆ ಅದು ಸುಮಾರು ಎರಡೂವರೆ ಲೀಟರ್ ಆಗುತ್ತದೆ.

ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ನೆಲೆಸುತ್ತವೆ. ಅವು ನೀರಿನಲ್ಲಿ ಬದುಕಿ ಡೀಸೆಲನ್ನು ತಿನ್ನುತ್ತವೆ. ಅಂಟಾದ ಕಂದು ಅಥವಾ ಕಪ್ಪು ಲೋಳೆ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತವೆ. ಅವು ಬಿಡುವ ಆಮ್ಲದಿಂದ ಟ್ಯಾಂಕ್ ತೂತಾಗುತ್ತದೆ. ನೀರು ಪಂಪಿನೊಳಗೆ ಹೋದರೆ ತುಕ್ಕು ಹಿಡಿದು ಇಂಜೆಕ್ಟರ್ ಹಾಳಾಗುತ್ತದೆ.

ಇದು ನಮ್ಮೊಬ್ಬರ ತೊಂದರೆಯಲ್ಲ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಜೂನ್-ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ನಿಂತೇ ಇರುವ ದೋಣಿಗಳ ಟ್ಯಾಂಕಿಗೂ ಇದೇ ಅಪಾಯ. ವಿಮಾನದ ಇಂಧನದಲ್ಲಿ ಇದೇ ಜಾತಿಯ ಬೂಷ್ಟು 1950-60ರ ದಶಕಗಳಲ್ಲಿ ದೊಡ್ಡ ತಲೆನೋವಾಗಿತ್ತು. ಇಂದಿಗೂ ವಿಮಾನದ ಟ್ಯಾಂಕಿನ ತಳದಿಂದ ನೀರು ತೆಗೆದು ನೋಡುವುದು ದಿನಚರಿಯ ಕೆಲಸ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಜೈವಿಕ ಡೀಸೆಲ್ ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಈ ಜೀವಿಗಳಿಗೆ ಸುಲಭದ ಆಹಾರವೂ ಹೌದು. ಆದ್ದರಿಂದ ಮುಂದೆ ಎಚ್ಚರ ಇನ್ನೂ ಹೆಚ್ಚು ಬೇಕು.

ಪತ್ತೆ ಹಚ್ಚುವುದು ಹೇಗೆ?

ಲ್ಯಾಬ್ ಬೇಡ. ಟ್ಯಾಂಕಿನ ತಳದ ಡ್ರೈನಿನಿಂದ ಒಂದು ಬಿಳಿ ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು, ಮುಚ್ಚಿ, ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ನೀರು, ನಡುವೆ ಪೊರೆಯಂಥ ಲೋಳೆ, ಮೇಲೆ ಡೀಸೆಲ್ ಕಂಡರೆ ರೋಗ ಹಿಡಿದಿದೆ ಎಂದು ತಿಳಿಯಿರಿ. ಕೊಳೆತ ಮೊಟ್ಟೆಯ ವಾಸನೆ, ಪದೇ ಪದೇ ಕಟ್ಟುವ ಫಿಲ್ಟರ್, ಕೂಲರಿನ ಲೋಡ್ ಬಿದ್ದೊಡನೆ ಎಂಜಿನ್ ಸೋಲುವುದು, ಇವು ಉಳಿದ ಲಕ್ಷಣಗಳು.

ಮಾಡಬೇಕಾದ್ದು

1. ನೀರಿಲ್ಲದೆ ಈ ಜೀವಿಗಳು ಬೆಳೆಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡುವ ಮೊದಲು ಟ್ಯಾಂಕಿನ ತಳದಿಂದಲೂ ಫಿಲ್ಟರಿನ ಬಟ್ಟಲಿನಿಂದಲೂ ನೀರು ಬಿಡಿ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ.

2. ಜನರೇಟರಿನ ಟ್ಯಾಂಕನ್ನು ಆದಷ್ಟು ತುಂಬಿಯೇ ಇಡಿ. ಖಾಲಿ ಜಾಗ ಕಡಿಮೆಯಾದರೆ ತೇವವೂ ಕಡಿಮೆ.

3. ಬ್ಯಾರಲನ್ನು ನೆರಳಿನಲ್ಲಿ, ಸೂರಿನ ಕೆಳಗೆ ಅಡ್ಡ ಮಲಗಿಸಿ. ಹೊಸ ಡೀಸೆಲನ್ನು ಒಂದು ದಿನ ತಿಳಿಯಾಗಲು ಬಿಟ್ಟು, ತಳದ ನಾಲ್ಕು ಬೆರಳು ಬಿಟ್ಟು ಮೇಲಿನದನ್ನು ತೆಗೆಯಿರಿ.

4. ತಂದ ತಾರೀಖನ್ನು ಬ್ಯಾರಲಿನ ಮೇಲೆ ಬರೆಯಿರಿ. ಮೊದಲು ತಂದದ್ದು ಮೊದಲು ಖರ್ಚಾಗಲಿ. ಒಂದೆರಡು ತಿಂಗಳಿಗೆ ಬೇಕಾದಷ್ಟೇ ದಾಸ್ತಾನು ಸಾಕು.

5. ಕರೆಂಟ್ ಇದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಕೂಲರಿನ ಲೋಡ್ ಕೊಟ್ಟು ಓಡಿಸಿ. ಒಂದು ಫಿಲ್ಟರ್ ಹೆಚ್ಚಿಗೆ ಕಪಾಟಿನಲ್ಲಿರಲಿ.

ಈಗಾಗಲೇ ಲೋಳೆ ಕಟ್ಟಿದ್ದರೆ ಮೆಕ್ಯಾನಿಕ್‌ರಿಂದ ಡೀಸೆಲ್ ಖಾಲಿ ಮಾಡಿಸಿ ಟ್ಯಾಂಕ್ ತೊಳೆಸಿ. ಇದಕ್ಕೆಂದೇ ಬರುವ ಕ್ರಿಮಿನಾಶಕವನ್ನು ಲೇಬಲಿನ ಪ್ರಮಾಣದಂತೆ, ಕೈಗವಸು ಹಾಕಿಕೊಂಡೇ ಬಳಸಿ. ಬರೀ ಔಷಧ ಸುರಿದರೆ ಸಾಲದು. ಸತ್ತ ಲೋಳೆಯೂ ಫಿಲ್ಟರ್ ಕಟ್ಟುತ್ತದೆ, ಆದ್ದರಿಂದ ಮೊದಮೊದಲು ಫಿಲ್ಟರನ್ನು ಬೇಗ ಬೇಗ ಬದಲಿಸಬೇಕು. ಕ್ಯಾನ್ ತೊಳೆಯುವ ಸೋಡಾ, ಬ್ಲೀಚಿಂಗ್ ಪುಡಿಯನ್ನು ಟ್ಯಾಂಕಿಗೆ ಹಾಕಲೇಬೇಡಿ. ಕೆಲಸ ಮಾಡುವಾಗ ಬೀಡಿ, ಬೆಂಕಿ ಹತ್ತಿರ ಬರಬಾರದು.

ಕೊನೆಯದಾಗಿ, ಪಶುವೈದ್ಯನಾಗಿ ಎರಡು ಮಾತು

ಟ್ಯಾಂಕಿನಿಂದ ತೆಗೆದ ನೀರನ್ನು ಬಾವಿಯ ಬಳಿ, ದನದ ಗೋದಲಿಯ ಬಳಿ, ಚರಂಡಿಗೆ ಚೆಲ್ಲಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವ ಅಧಿಕೃತರಿಗೆ ಕೊಡಿ. ಡೀಸೆಲ್ ಕುಡಿದ ದನಕ್ಕೆ ಹೊಟ್ಟೆಯುಬ್ಬರವಾಗುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಪ್ರಾಣವೇ ಹೋಗಬಹುದು. ಅಂಥ ದನಕ್ಕೆ ಗೊಟ್ಟದಲ್ಲಿ ಏನನ್ನೂ ಕುಡಿಸದೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಹೊಟ್ಟೆಯುಬ್ಬರಕ್ಕೆ ಸೀಮೆಎಣ್ಣೆ ಕುಡಿಸುವುದು, ಕಜ್ಜಿಗೆ ಡೀಸೆಲ್ ಹಚ್ಚುವುದು ಕೂಡ ಇಂದಿಗೇ ನಿಲ್ಲಲಿ. ನಿಮ್ಮ ದೇವಣಿ ಹಸುವಿನ ಚರ್ಮ ಎಂಜಿನ್ನಿನ ಕಬ್ಬಿಣವಲ್ಲ.

ಇನ್ನೊಂದು, ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಡೀಸೆಲ್ ಬ್ಯಾರಲ್ ಹಾಲಿನ ಕೋಣೆಯಿಂದ ದೂರವಿರಲಿ. ಹಾಲಿನ ಕ್ಯಾನಿನಲ್ಲಿ ಒಮ್ಮೆಯೂ ಡೀಸೆಲ್ ತರಬೇಡಿ. ಡೀಸೆಲ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಹಾಲಿನ ಮಾದರಿ ತೆಗೆಯಬೇಡಿ.

ಹಾಲಿನ ರಿಜಿಸ್ಟರ್ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು, ನೀರು ಬಿಟ್ಟ ದಿನ, ಫಿಲ್ಟರ್ ಬದಲಿಸಿದ ದಿನ ಬರೆದು ಸಹಿ ಮಾಡಿ. ವಾರಕ್ಕೆ ಹತ್ತು ನಿಮಿಷದ ಕೆಲಸ. ಸಂಘದ ಹಾಲು, ಸದಸ್ಯರ ಬಟವಾಡೆ ಎರಡೂ ಉಳಿಯುತ್ತವೆ.