‘ಕ್ಲೌಡ್’ ಇರುವುದು ನೆಲದ ಮೇಲೆಯೇ

(ಸತ್ಯಮಂಗಲದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣು, ಬೀಜ, ಗೊಬ್ಬರಗಳ ವಿಷಯವನ್ನು ಬಿಟ್ಟು ಈ ಮನುಷ್ಯ ಕಂಪ್ಯೂಟರಿನ ಪುರಾಣ ಹೇಳಲು ಹೊರಟಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ನಾನಿರುವುದು ಮಲೆನಾಡಿನ ಒಂದು ಹಳ್ಳಿಯಲ್ಲಿ. ಮನೆಯ ಹಿಂದಿನ ಗುಡ್ಡ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಅಂಥ ಊರಿನವನಿಗೂ ಈ ವಿಷಯವನ್ನು ತಪ್ಪಿಸಿಕೊಳ್ಳಲು ಸಾಧ್ಯವಾಗಲಿಲ್ಲ. ನಮ್ಮ ಪಹಣಿ, ಫ್ರೂಟ್ಸ್ ಗುರುತಿನ ಸಂಖ್ಯೆ, ಹೊಲದಲ್ಲಿ ನಿಂತು ತೆಗೆಯುವ ಬೆಳೆ ಸಮೀಕ್ಷೆಯ ಚಿತ್ರ ಇವೆಲ್ಲವೂ ಎಲ್ಲೋ ಇರುವ ಕಂಪ್ಯೂಟರುಗಳನ್ನು ಸೇರುತ್ತಿವೆ. ಆ ಕಂಪ್ಯೂಟರುಗಳ ಲೋಕವೇ ಈಗ ತಲೆಕೆಳಗಾಗುತ್ತಿದೆ.

ಮೊದಲು ‘ಕ್ಲೌಡ್’ ಎಂದರೇನೆಂದು ಹೇಳಿಬಿಡುತ್ತೇನೆ. ಹಿಂದೆ ಬ್ಯಾಂಕು, ಕಾರ್ಖಾನೆ, ಇಲಾಖೆ ಯಾವುದೇ ಇರಲಿ, ತನ್ನ ಲೆಕ್ಕಪತ್ರದ ಕಂಪ್ಯೂಟರುಗಳನ್ನು ತನ್ನ ಕಟ್ಟಡದಲ್ಲಿಯೇ ಇಟ್ಟುಕೊಳ್ಳುತ್ತಿತ್ತು. 2006ರಲ್ಲಿ ಅಮೆಜಾನ್ ಕಂಪನಿಯು ತನ್ನ ಕಂಪ್ಯೂಟರುಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡತೊಡಗಿತು. ಮೈಕ್ರೋಸಾಫ್ಟ್, ಗೂಗಲ್ ಹಿಂಬಾಲಿಸಿದವು. ಉಳುಮೆಯ ದಿನ ಟ್ರ್ಯಾಕ್ಟರ್ ಕರೆಸಿ ಗಂಟೆಯ ಲೆಕ್ಕದಲ್ಲಿ ಹಣ ಕೊಡುವಂತೆಯೇ ಇದು. ಸಂಸ್ಥೆಗಳಿಗೆ ಅದು ಹಗುರವೆನಿಸಿತು. ‘ಮೋಡ’ ಎಂಬ ಹೆಸರೂ ಆ ಭ್ರಮೆಗೆ ನೆರವಾಯಿತು. ಸುಮಾರು ಹದಿನೈದು ವರ್ಷಗಳ ಕಾಲ ದೊಡ್ಡ ಸಂಸ್ಥೆಗಳ ಮುಂದಿದ್ದ ಪ್ರಶ್ನೆ ಒಂದೇ: ನಮ್ಮದನ್ನೆಲ್ಲ ಎಷ್ಟು ಬೇಗ ಅಲ್ಲಿಗೆ ಸಾಗಿಸಬಹುದು?

ಕೃತಕ ಬುದ್ಧಿಮತ್ತೆ ಆ ಲೆಕ್ಕವನ್ನು ಕೆಡಿಸಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರತಿಯೊಂದು ಸಂಸ್ಥೆಗೂ ಅಂಥದೊಂದು ಯಂತ್ರ ಬೇಕೆನಿಸಿತು. ಅದಕ್ಕೆ ಸಾಮಾನ್ಯ ಚಿಪ್ ಸಾಲದು. ಪರದೆಯ ಮೇಲೆ ಚಿತ್ರ ಮೂಡಿಸಲೆಂದು ಹುಟ್ಟಿದ, ಏಕಕಾಲಕ್ಕೆ ಸಾವಿರಾರು ಗುಣಾಕಾರಗಳನ್ನು ಮಾಡಬಲ್ಲ ಜಿಪಿಯು ಬೇಕು. ಅದರ ಬೆಲೆಯೂ ಹೆಚ್ಚು, ಬಾಡಿಗೆಯೂ ಹೆಚ್ಚು, ಅದು ಉಗುಳುವ ಶಾಖವೂ ಹೆಚ್ಚು. ವರ್ಷಕ್ಕೆ ನಾಲ್ಕು ದಿನ ಉಳುವವನಿಗೆ ಬಾಡಿಗೆ ಟ್ರ್ಯಾಕ್ಟರ್ ಸರಿ; ವರ್ಷವಿಡೀ ಉಳುವವನು ಸ್ವಂತದ್ದನ್ನು ಕೊಳ್ಳುವುದೇ ಲೇಸಲ್ಲವೇ? ಈ ಲೆಕ್ಕ ಹಾಕಿದವರು ಮೊದಲೂ ಇದ್ದರು. ಡ್ರಾಪ್‌ಬಾಕ್ಸ್ ಕಂಪನಿ 2016ರ ಹೊತ್ತಿಗೆ ತನ್ನ ಬಹುಪಾಲು ಕಡತಗಳನ್ನು ಅಮೆಜಾನಿನಿಂದ ತನ್ನ ಸ್ವಂತ ಯಂತ್ರಗಳಿಗೆ ತಂದುಕೊಂಡಿತ್ತು. ಈಗ ಎಲ್ಲರೂ ಹಾಕುತ್ತಿದ್ದಾರೆ. ದೊಡ್ಡ ಯಂತ್ರವನ್ನು ‘ಕಲಿಸುವ’ ಭಾರಿ ಕೆಲಸಕ್ಕೆ ಬಾಡಿಗೆ ಕ್ಲೌಡ್, ಗುಟ್ಟಾಗಿ ಇಡಬೇಕಾದ ದತ್ತಾಂಶಕ್ಕೆ ಸ್ವಂತ ಕೊಠಡಿ, ದಿನನಿತ್ಯದ ಸಣ್ಣ ಕೆಲಸಕ್ಕೆ ಕೈಯಲ್ಲಿರುವ ಫೋನು ಎಂದು ಕೆಲಸವನ್ನು ವಿಂಗಡಿಸುವುದೇ ಇಂದಿನ ನೀತಿ.

ಇನ್ನೊಂದು ಸಂಗತಿ ಸ್ವಾರಸ್ಯಕರವಾದುದು. ಕ್ಲೌಡಿನ ಒಳಗೆ ದತ್ತಾಂಶ ಸುರಿಯಲು ಶುಲ್ಕವಿಲ್ಲ. ಹೊರಗೆ ಒಯ್ಯಲು ಶುಲ್ಕ! ಸಂತೆಯ ಮಂಡಿಯವನು ಮೂಟೆ ಇಳಿಸುವಾಗ ನಗುತ್ತಾ, ಎತ್ತುವಾಗ ಲೆಕ್ಕದ ಪುಸ್ತಕ ತೆಗೆದಂತೆ. ಯುರೋಪಿನ ಕಾನೂನಿನ ಒತ್ತಡವೂ ಸೇರಿ, ಪೂರ್ತಿಯಾಗಿ ಬಿಟ್ಟುಹೋಗುವ ಗ್ರಾಹಕರಿಗೆ 2024ರ ಜನವರಿಯಲ್ಲಿ ಗೂಗಲ್, ಮಾರ್ಚಿನಲ್ಲಿ ಅಮೆಜಾನ್ ಈ ಶುಲ್ಕವನ್ನು ಬಿಟ್ಟುಕೊಟ್ಟವು. ದೊಡ್ಡ ಗ್ರಾಹಕರು ಕೇಳಿ ಪಡೆದ ಹಕ್ಕು ಇದು. ನಮ್ಮ ಹೊಲದ ದತ್ತಾಂಶದ ವಿಷಯದಲ್ಲಿ ಹಾಗೆ ಕೇಳಿದವರು ಯಾರು?

ದತ್ತಾಂಶ ಒಳಗೆ ಹೋಗುತ್ತಿರುವುದಂತೂ ನಿಜ. 2016ರಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸೇರಿ 175 ಮಂದಿ ಶೇಂಗಾ ಬೆಳೆಗಾರರಿಗೆ ಯಾವಾಗ ಬಿತ್ತಬೇಕೆಂದು ಸಂದೇಶ ಕಳುಹಿಸಿದವು. ಇಳುವರಿ ಸರಾಸರಿ ಶೇಕಡಾ 30ರಷ್ಟು ಹೆಚ್ಚಿತೆಂದು ಅವು ಹೇಳಿದವು. ರೈತನಿಗೆ ಬೇಕಾಗಿದ್ದದ್ದು ಸಾಮಾನ್ಯ ಫೋನಿಗೆ ಬರುವ ಒಂದು ಎಸ್ಸೆಮ್ಮೆಸ್ ಮಾತ್ರ. ಇದು ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ. 2017ರಲ್ಲಿ ನಮ್ಮ ಸರ್ಕಾರವೂ ಬೆಲೆ ಮುನ್ಸೂಚನೆಗಾಗಿ ಅದೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಕೇಂದ್ರವು 2,817 ಕೋಟಿ ರೂಪಾಯಿಗಳ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು.

ಆದರೆ ಯಂತ್ರ ದೊಡ್ಡದಾದ ಮಾತ್ರಕ್ಕೆ ನಮ್ಮ ತೋಟವನ್ನು ಬಲ್ಲದೆಂದು ಭಾವಿಸಬಾರದು. ಎಲೆಯ ಚಿತ್ರ ನೋಡಿ ರೋಗ ಹೇಳುವ ಸಂಶೋಧನೆಯಲ್ಲಿ 2016ರ ಒಂದು ಪ್ರಬಂಧ ಬಹಳ ಪ್ರಸಿದ್ಧ. 54,306 ಚಿತ್ರಗಳು, 14 ಬೆಳೆಗಳು, 26 ರೋಗಗಳು. ಯಂತ್ರದ ಉತ್ತರ ಶೇಕಡಾ 99ಕ್ಕೂ ಹೆಚ್ಚು ಸರಿಯಾಗಿತ್ತು. ಬೇರೆ ಪರಿಸರದಲ್ಲಿ ತೆಗೆದ ಚಿತ್ರಗಳನ್ನು ಅದೇ ಯಂತ್ರಕ್ಕೆ ತೋರಿಸಿದಾಗ ಅದು ಶೇಕಡಾ 31ಕ್ಕೆ ಇಳಿಯಿತು. ಆ 14 ಬೆಳೆಗಳಲ್ಲಿ ಸೇಬು, ದ್ರಾಕ್ಷಿ, ಟೊಮೆಟೊ ಇವೆ. ತೆಂಗಿಲ್ಲ, ಅಡಿಕೆಯಿಲ್ಲ, ರಾಗಿಯಿಲ್ಲ. ನಾನೇ ನಮ್ಮ ತೋಟದ ಎಲೆಚುಕ್ಕಿ ರೋಗದ ಚಿತ್ರವನ್ನು ಗುಡ್ಡ ಹತ್ತಿ ಒಂದು ಆ್ಯಪಿಗೆ ಕಳುಹಿಸಿದ್ದೆ. ಪೋಷಕಾಂಶದ ಕೊರತೆ, ಗೊಬ್ಬರ ಹಾಕಿ ಎಂಬ ಉತ್ತರ ಬಂತು. ಓದಿಕೊಂಡವನಾದ್ದರಿಂದ ನಕ್ಕು ಸುಮ್ಮನಾದೆ; ಪಕ್ಕದ ತೋಟದವರು ಗೊಬ್ಬರ ತಂದೇಬಿಟ್ಟಿದ್ದರು.

ಇನ್ನು ಈ ಸಭೆಯನ್ನು ಕರೆದದ್ದೇ ಯಾವ ವಿಷಯಕ್ಕೋ ಅದಕ್ಕೆ ಬರುತ್ತೇನೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯ ಪ್ರಕಾರ, 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್; 2030ಕ್ಕೆ ಅದು ದುಪ್ಪಟ್ಟಿಗೂ ಮಿಗಿಲಾಗಿ 94,500 ಕೋಟಿ ಯೂನಿಟ್ ಮುಟ್ಟಬಹುದು. ಗೂಗಲ್ ತನ್ನ ಇಂಗಾಲ ಮಾಲಿನ್ಯವು 2019ರಿಂದ 2023ರ ನಡುವೆ ಶೇಕಡಾ 48ರಷ್ಟು ಏರಿತೆಂದು ತಾನೇ ಒಪ್ಪಿಕೊಂಡಿದೆ. ಮೈಕ್ರೋಸಾಫ್ಟ್ 2024ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನ ಮುಚ್ಚಿದ್ದ ಅಣುಸ್ಥಾವರವೊಂದರ ವಿದ್ಯುತ್ತನ್ನು ಇಪ್ಪತ್ತು ವರ್ಷ ಕೊಳ್ಳಲು ಒಪ್ಪಂದ ಮಾಡಿಕೊಂಡಿದೆ. ಕಂಪ್ಯೂಟರನ್ನು ಎಲ್ಲಿ ಇಡಬೇಕೆಂಬುದನ್ನು ಈಗ ನಿರ್ಧರಿಸುವುದು ವಿದ್ಯುತ್ತು, ನೀರು ಮತ್ತು ನೆಲ. 2025ರ ಅಕ್ಟೋಬರಿನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ನದಿಯ ಶಕ್ತಿ ದೂರದ ಯಂತ್ರಕ್ಕೆ ಹೋಗುವುದು ಕನ್ನಡ ನಾಡಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ; ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶರಾವತಿಯ ದಡದ ಎಷ್ಟೋ ಹಳ್ಳಿಗಳು ಲಿಂಗನಮಕ್ಕಿಯ ನೀರಿನಡಿ ಹೋದವು. ನಿಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನಿನ ಮೇಲೆ 2,050 ಮೆಗಾವಾಟ್ ಸೌರಫಲಕಗಳು ನಿಂತಿವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಿಂದ ಆರಂಭವಾಯಿತು. ಸೂರ್ಯ ಮುಳುಗಿದೊಡನೆ ಆ ವಿದ್ಯುತ್ತು ನಿಲ್ಲುತ್ತದೆ. ಡೇಟಾ ಸೆಂಟರ್ ಮಾತ್ರ ಇರುಳೂ ಉಣ್ಣುತ್ತದೆ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕೆಂಬ ಕಾರಣ ಹೇಳಿಯೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕದ ಅಭಯಾರಣ್ಯದೊಳಗೆ, 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ತರಹೊರಟಿದ್ದಾರೆ. ನೀರನ್ನು ಮೇಲೆತ್ತಲು ಬೇಕಾಗುವ ವಿದ್ಯುತ್ತು ಅದು ಕೆಳಗೆ ಬಿದ್ದಾಗ ಸಿಗುವುದಕ್ಕಿಂತ ಹೆಚ್ಚು. ಆ ಯೋಜನೆ ಡೇಟಾ ಸೆಂಟರುಗಳಿಗಾಗಿಯೇ ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಸುಳ್ಳಾದೀತು. ಆದರೆ ಇರುಳೂ ಹಗಲೂ ಉಣ್ಣುವ ಹೊಸ ಬಾಯಿಗಳು ಹೆಚ್ಚಿದಷ್ಟೂ ಇಂಥ ಯೋಜನೆಗಳಿಗೆ ಸಮರ್ಥನೆ ಸುಲಭವಾಗುತ್ತದೆ.

ನೀರಿನ ಲೆಕ್ಕವೂ ಹೀಗೆಯೇ. ಯಂತ್ರವನ್ನು ನೀರು ಆವಿಯಾಗಿಸಿ ತಂಪು ಮಾಡಿದರೆ ವಿದ್ಯುತ್ ಉಳಿಯುತ್ತದೆ, ನೀರು ಹೋಗುತ್ತದೆ. ಗಾಳಿಯಿಂದ ಮಾಡಿದರೆ ಇದರ ತಿರುವುಮುರುವು. ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬರುವುದನ್ನೇ ಕಾದು ಕೂರುವ ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ಇಲ್ಲಿಗೆ ಅಂಥದು ಬಂದರೆ ಉದ್ಯೋಗದ ಸಂಖ್ಯೆಯೊಡನೆ ಲೀಟರಿನ ಸಂಖ್ಯೆಯನ್ನೂ ಕೇಳಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಫೋನಿನೊಳಗೇ ನಡೆಯುವ, ಕ್ಲೌಡು ಬೇಡದ ಸಣ್ಣ ಯಂತ್ರಗಳನ್ನು ಕಲಿಸುವುದು ಈಗ ಕಾಲೇಜಿನ ಪ್ರಯೋಗಾಲಯದಲ್ಲಿಯೇ ಸಾಧ್ಯ. ಅದಕ್ಕೆ ಬೇಕಾದದ್ದು ಸರಿಯಾಗಿ ಗುರುತಿಸಿದ ಚಿತ್ರಗಳು. ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ಕಪ್ಪುತಲೆ ಹುಳು, ಬಿಳಿನೊಣ, ಅಣಬೆ ರೋಗ ಇವನ್ನು ಬೇರೆ ಬೇರೆ ಬೆಳಕಿನಲ್ಲಿ, ಮಳೆಯಲ್ಲಿ, ಧೂಳಿನಲ್ಲಿ ತೆಗೆಯಿರಿ. ಪ್ರತಿ ಚಿತ್ರದ ಕೆಳಗೆ ರೋಗದ ಹೆಸರನ್ನು ತೋಟದ ಯಜಮಾನರನ್ನು ಕೇಳಿ ಬರೆಯಿರಿ, ಆಮೇಲೆ ತಜ್ಞರಿಗೆ ತೋರಿಸಿ. ಚಿತ್ರಗಳು ನಿಮ್ಮ ಕಾಲೇಜಿನಲ್ಲಿಯೇ ಇರಲಿ. ಯಾರಾದರೂ ಕೇಳಿದರೆ ಯಾವ ಷರತ್ತಿನ ಮೇಲೆ ಕೊಡಬೇಕೆಂಬುದನ್ನು ರೈತರೊಡನೆ ಕುಳಿತು ತೀರ್ಮಾನಿಸಿ. ಹೊರಗೆ ಒಂದು ತೆಂಗಿನ ಗರಿಯನ್ನು ತಂದಿಟ್ಟಿದ್ದೇನೆ, ಕಾರ್ಯಕ್ರಮ ಮುಗಿದ ಮೇಲೆ ಅದರಿಂದಲೇ ಆರಂಭಿಸೋಣ. ಅದಕ್ಕೆ ಮುನ್ನ ಹಿರಿಯರ ಪ್ರಶ್ನೆಗಳೇನಿದ್ದರೂ ಕೇಳಬಹುದು.