ಶ್ರೀರಂಗಪಟ್ಟಣದ ರಣಭೂಮಿಯೂ ನಮ್ಮ ಕರ್ತವ್ಯವೂ



1799ನೆಯ ಇಸವಿ ಮೇ 4ರಂದು ಇಂಗ್ಲಿಷರ ದಂಡು ಬೇಸಗೆಯಲ್ಲಿ ಬತ್ತಿದ ಕಾವೇರಿಯನ್ನು ಹಾದು, ಗೋಡೆಯೊಡೆದಲ್ಲಿ ನುಗ್ಗಿ, ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿಯಿತು. ಟಿಪ್ಪುವು ಅಂದೇ ಕಾದಿ ಮಡಿದನು. ಆ ಎಡೆಯಲ್ಲಿ ಮೈಸೂರು ಸರ್ಕಾರವು 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಅದರ ಮೇಲೆ ಮಡಿದ ಆಂಗ್ಲ ಅಧಿಕಾರಿಗಳ ಹೆಸರುಗಳಿವೆ. ಕೋಟೆಯನ್ನು ಕಾಯುತ್ತ ಮಡಿದ ಮೈಸೂರಿನ ಸಿಪಾಯಿಗಳ ಹೆಸರಿಲ್ಲ.

ವಕೀಲಿ ವೃತ್ತಿಯವರಾದ ನಾವು ಒಂದೇ ಪಕ್ಷದ ಸಾಕ್ಷ್ಯದಿಂದ ತೀರ್ಪನ್ನು ಒಪ್ಪಲಾರೆವು. ಹಾಗೆಂದು ಸ್ತಂಭವನ್ನು ಕಿತ್ತೊಗೆಯಿರೆಂದೂ ಹೇಳೆವು. ಸಾಕ್ಷ್ಯವನ್ನು ಅಳಿಸುವುದು ನ್ಯಾಯವಲ್ಲ. ಅದರ ಪಕ್ಕದಲ್ಲಿ ತಿಳಿಗನ್ನಡದ ಫಲಕವೊಂದು ನಿಲ್ಲಲಿ. ದಂಡು ಹೊಳೆ ದಾಟಿದುದೆಲ್ಲಿ, ಮಳೆಗಾಲಕ್ಕೆ ಮುನ್ನವೇ ಏಕೆ ಅವಸರಪಟ್ಟಿತು ಎಂಬುದನ್ನು ಅದು ತಿಳಿಸಲಿ. ನಿಜಾಮನ ಸೈನ್ಯವೂ ಇಂಗ್ಲಿಷರ ಜೊತೆಗಿತ್ತೆಂಬ ಕಹಿಮಾತನ್ನೂ ಮುಚ್ಚಿಡದಿರಲಿ. ಟಿಪ್ಪುವಿನ ಆಳಿಕೆಯ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿರಬಹುದು. ಹೆಸರಿಲ್ಲದೆ ಮಡಿದ ಸಿಪಾಯಿಯ ಋಣದಲ್ಲಿ ಭಿನ್ನಾಭಿಪ್ರಾಯವೆಲ್ಲಿಯದು?

2017ರಲ್ಲಿ ರೈಲುದಾರಿಗೆ ಅಡ್ಡಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಕೆಡವದೆ, ಇಡಿಯಾಗಿ ಸರಿಸಿ ಉಳಿಸಲಾಯಿತು. ಕಟ್ಟಡವನ್ನು ಉಳಿಸಬಲ್ಲ ನಾಡು ಅದರ ಅರ್ಥವನ್ನೂ ಉಳಿಸಬಲ್ಲುದು. ಉಪಾಧ್ಯಾಯ ಮಹಾಶಯರೇ, ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಸ್ತಂಭದ ಮುಂದೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿರಿ: ‘ಇಲ್ಲಿ ಯಾರ ಹೆಸರಿಲ್ಲ?’ ಫಲಕವು ಬರುವ ತನಕ ಆ ಪ್ರಶ್ನೆಯೇ ನಮ್ಮ ಫಲಕವಾಗಲಿ.