ಕಣ್ಣಿನ ಮೇಲಿನ ಕಪ್ಪು ಮಚ್ಚೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಣ್ಣಿನ ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಸಂಘಟಕರು ಹೇಳಿದ್ದಾರೆ. ಕಣ್ಣಿನ ಪೊರೆಯ ವಿಷಯ ನಿಮಗೆ ಹೊಸದಲ್ಲ. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲದಿಂದಲೂ ನಮ್ಮ ನಾಡಿನ ಹಳ್ಳಿಗಳು ಅದನ್ನು ಕಂಡಿವೆ. ನಾನಿಂದು ಯಾರೂ ಅಷ್ಟಾಗಿ ಕೇಳದ ಒಂದು ವಿಷಯ ಆರಿಸಿಕೊಂಡಿದ್ದೇನೆ. ಅದು ಕಣ್ಣಿನ ಬಿಳಿ ಭಾಗದ ಮೇಲೆ ಕಾಣಿಸುವ ಕಪ್ಪು ಅಥವಾ ಕಂದು ಮಚ್ಚೆ. ಅದನ್ನು ಆರಿಸಿಕೊಳ್ಳಲು ನನ್ನದೇ ಒಂದು ತಪ್ಪು ಕಾರಣ.

ಕೆಲವು ವರ್ಷಗಳ ಹಿಂದೆ ಇಲ್ಲೇ ಹತ್ತಿರದ ಹಳ್ಳಿಯೊಂದರ ಮದುವೆಗೆ ಬಂದಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು, ಈ ಶಾಲೆಯಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಗದ್ದೆ, ಅಡಿಕೆ ತೋಟ ಎಂದು ದಿನವಿಡೀ ಬಿಸಿಲಲ್ಲಿ ದುಡಿಯುವವನು. "ಏ ಡಾಕ್ಟ್ರೇ, ಈ ಕಣ್ಣಲ್ಲಿ ಏನೋ ಕಪ್ಪಗೆ ಬಂದಿದೆ, ನೋಡು ಮಾರಾಯ" ಅಂದ. ನಾನು ಎಲೆಯ ಮುಂದೆ ಕೂತಲ್ಲಿಂದಲೇ ಬಗ್ಗಿ ನೋಡಿ, "ಮಚ್ಚೆ ಕಣೋ, ಏನೂ ಆಗಲ್ಲ, ಊಟ ಮಾಡು" ಅಂದೆ. ಯಾವಾಗಿನಿಂದ ಇದೆ, ಬೆಳೆಯುತ್ತಿದೆಯೇ ಎಂದು ಎರಡು ಮಾತು ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ ಅವನು ಬೆಂಗಳೂರಿಗೆ ಬಂದ. ಅಷ್ಟರಲ್ಲಿ ಆ ಮಚ್ಚೆ ಉಬ್ಬಿಕೊಂಡು ಕಪ್ಪು ಗುಡ್ಡೆಯ ಅಂಚನ್ನು ದಾಟಿತ್ತು. ಸುತ್ತ ಕೆಂಪು ರಕ್ತನಾಳಗಳು ದಪ್ಪವಾಗಿದ್ದವು. "ಇಷ್ಟು ದಿನ ಯಾಕೋ ಬರಲಿಲ್ಲ?" ಎಂದು ರೇಗಿದೆ. "ನೀನೇ ಮಚ್ಚೆ ಅಂದಿದ್ದೆಯಲ್ಲ, ಅದಕ್ಕೇ ಸುಮ್ಮನಿದ್ದೆ" ಅಂದ. ಅವನ ಒಪ್ಪಿಗೆ ಪಡೆದೇ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಕಣ್ಣಿನ ಬಿಳಿ ಭಾಗದ ಮೇಲೆ ಕಂಜಂಕ್ಟಿವಾ ಎಂಬ ತೆಳುವಾದ ಪಾರದರ್ಶಕ ಪೊರೆ ಹರಡಿಕೊಂಡಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಅಲ್ಲಿಯೂ ಇವೆ. ಹಾಗಾಗಿ ಮೈಮೇಲೆ ಮಚ್ಚೆ ಬಂದಂತೆ ಕಣ್ಣಿನ ಮೇಲೂ ಬರುತ್ತದೆ. ನಮ್ಮಂಥ ಕಂದು ಮೈಬಣ್ಣದವರ ಎರಡೂ ಕಣ್ಣುಗಳಲ್ಲಿ, ಕಪ್ಪು ಗುಡ್ಡೆಯ ಸುತ್ತ ತೆಳುವಾದ ಕಂದು ಬಣ್ಣ ಇರುವುದು ಸಹಜ. ಅದು ಕಾಯಿಲೆಯಲ್ಲ. ಇನ್ನು ಚಿಕ್ಕಂದಿನಲ್ಲಿ ಬರುವ ಮಚ್ಚೆಗೆ ನೀವಸ್ ಎನ್ನುತ್ತೇವೆ. ಹರೆಯದಲ್ಲಿ ಅದರ ಬಣ್ಣ ಗಾಢವಾಗಬಹುದು. ಅದರೊಳಗೆ ಸಣ್ಣ ನೀರುಗುಳ್ಳೆಗಳು ಕಂಡರೆ ಅದು ಸಾಮಾನ್ಯವಾಗಿ ನಿರಪಾಯಕಾರಿ. ಇಂಥ ಮಚ್ಚೆ ಕ್ಯಾನ್ಸರ್ ಆಗುವುದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆದ್ದರಿಂದ ಮಕ್ಕಳ ತಂದೆತಾಯಿ ಗಾಬರಿಯಾಗುವುದು ಬೇಡ.

ಎಚ್ಚರ ಬೇಕಾದದ್ದು ಬೇರೆ ಕಡೆ. ನಡುವಯಸ್ಸಿನ ಮೇಲೆ, ಒಂದೇ ಕಣ್ಣಿನಲ್ಲಿ, ಹೊಸದಾಗಿ ಕಂದು ಬಣ್ಣ ಹರಡತೊಡಗಿದರೆ ಅದನ್ನು ಪರೀಕ್ಷಿಸಲೇಬೇಕು. ಅಂಥದರಲ್ಲಿ ಕೆಲವು ಮುಂದೆ ಮೆಲನೋಮಾ ಎಂಬ ಕ್ಯಾನ್ಸರ್ ಆಗುತ್ತವೆ. ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಇದು ಅಪರೂಪ. ಆದರೆ ಬಂದರೆ ಕಿವಿಯ ಮುಂದಿನ, ದವಡೆಯ ಕೆಳಗಿನ ಗ್ರಂಥಿಗಳಿಗೆ, ಅಲ್ಲಿಂದ ಶ್ವಾಸಕೋಶ, ಯಕೃತ್ತಿಗೂ ಹರಡಿ ಪ್ರಾಣಕ್ಕೇ ಕುತ್ತು ತರಬಹುದು. ಇದಲ್ಲದೆ ಕಂಜಂಕ್ಟಿವಾದ ಮೇಲ್ಪದರದಲ್ಲೇ ಹುಟ್ಟುವ ಸ್ಕ್ವಾಮಸ್ ಎಂಬ ಗಡ್ಡೆಯೊಂದಿದೆ. ಬಹುಕಾಲ ಬಿಸಿಲಲ್ಲಿ ದುಡಿಯುವವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಹೆಚ್ಚು. ನಮ್ಮ ಮೈಬಣ್ಣದವರಲ್ಲಿ ಅದಕ್ಕೂ ಕಪ್ಪು ಬಣ್ಣ ಅಂಟಿಕೊಂಡು ಥೇಟ್ ಮೆಲನೋಮಾದಂತೆಯೇ ಕಾಣಿಸುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ದೊಡ್ಡದಾಗಿಸಿ ನೋಡುತ್ತೇವೆ. ರೆಪ್ಪೆಗಳನ್ನು ಮಗುಚಿ ಒಳಭಾಗವನ್ನೂ ನೋಡುತ್ತೇವೆ. ಕುತ್ತಿಗೆಯ ಗ್ರಂಥಿಗಳನ್ನು ಮುಟ್ಟಿ ನೋಡುತ್ತೇವೆ. ಒಸಿಟಿ ಎಂಬ ಸ್ಕ್ಯಾನ್ ಮಾಡಿದರೆ ಗಡ್ಡೆ ಯಾವ ಪದರದಲ್ಲಿದೆ, ಎಷ್ಟು ದಪ್ಪವಿದೆ ಎಂದು ತಿಳಿಯುತ್ತದೆ. ನಿರಪಾಯಕಾರಿ ಎನಿಸಿದರೆ ಫೋಟೊ ತೆಗೆದಿಟ್ಟು, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಹೋಲಿಸಿ ನೋಡುತ್ತೇವೆ. ಫೋಟೊ ಯಾಕೆ ಎಂದರೆ, ದಿನಾ ನೋಡುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಚಂಪಕ ಸರಸಿಯ ಬಳಿ ಓಡಾಡಿ ಬೆಳೆದ ನಮಗೆ ಅಲ್ಲಿ ಗಿಡಗಂಟಿ ಎಷ್ಟು ಬೆಳೆದಿತ್ತೆಂದು ಗೊತ್ತಾದದ್ದು, ಕೊಳ ಸ್ವಚ್ಛವಾದ ಮೇಲೆ ತಾನೇ?

ಮೆಲನೋಮಾ ಎಂಬ ಅನುಮಾನ ಬಂದರೆ ಗಡ್ಡೆಯ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದು ಸರಿಯಲ್ಲ. ಅದರಿಂದ ಕ್ಯಾನ್ಸರ್ ಕೋಶಗಳು ಉದುರಿ ಬೇರೆಡೆ ಬೇರೂರಬಹುದು. ಸುತ್ತಲಿನ ಮೂರು–ನಾಲ್ಕು ಮಿಲಿಮೀಟರ್ ಆರೋಗ್ಯವಂತ ಭಾಗದ ಸಮೇತ, ಉಪಕರಣ ಗಡ್ಡೆಗೆ ತಾಗದಂತೆ ಇಡಿಯಾಗಿ ತೆಗೆಯಬೇಕು. ಕಾರ್ನಿಯಾಕ್ಕೆ ಹರಡಿದ್ದನ್ನು ಆಲ್ಕೋಹಾಲ್ ಹಚ್ಚಿ ಬಿಡಿಸುತ್ತಾರೆ. ಉಳಿದ ಅಂಚುಗಳನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೊಮ್ಮೆ ಹೆಪ್ಪುಗಟ್ಟಿಸುತ್ತಾರೆ. ದೊಡ್ಡ ಗಾಯವಾದರೆ ಮಾಸಿನ ತೆಳುಪೊರೆಯನ್ನು ಹೊದಿಸುತ್ತಾರೆ. ಆಮೇಲೆ ಅಗತ್ಯವಿದ್ದರೆ ಮೈಟೊಮೈಸಿನ್‌ನಂಥ ಹನಿಗಳು. ಸ್ಕ್ವಾಮಸ್ ಗಡ್ಡೆಯಾದರೆ ಎಷ್ಟೋ ವೇಳೆ ಇಂಟರ್‌ಫೆರಾನ್, ಫ್ಲೋರೋಯುರಾಸಿಲ್ ಹನಿಗಳಿಂದಲೇ ಕರಗುತ್ತದೆ.

ನನ್ನ ಗೆಳೆಯನಿಗೆ ಕಣ್ಣಿನ ಕ್ಯಾನ್ಸರ್ ತಜ್ಞರಾದ ನನ್ನ ಸಹೋದ್ಯೋಗಿ ಶಸ್ತ್ರಚಿಕಿತ್ಸೆ ಮಾಡಿದರು. ಆ ಹೊತ್ತಿನಲ್ಲಿ ನಾನು ಹೊರಗೆ ಅವನ ಹೆಂಡತಿಯ ಜೊತೆ ಕೂತಿದ್ದೆ. ಡಾಕ್ಟರಾಗಿ ಹೇಳಬಹುದಾದ ಧೈರ್ಯದ ಮಾತುಗಳೆಲ್ಲ ನನಗೆ ಗೊತ್ತು. ಒಂದೂ ಬಾಯಿಗೆ ಬರಲಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಅದು ಮೆಲನೋಮಾ ಅಲ್ಲ, ಕಪ್ಪು ಬಣ್ಣ ತಳೆದ ಸ್ಕ್ವಾಮಸ್ ಗಡ್ಡೆ ಎಂದು ತಿಳಿಯಿತು. ಅಂಚುಗಳಲ್ಲಿ ಇನ್ನೂ ಕೋಶಗಳಿದ್ದುದರಿಂದ ತಿಂಗಳುಗಟ್ಟಲೆ ಹನಿ ಹಾಕಬೇಕಾಯಿತು. ಕಣ್ಣು ಉಳಿಯಿತು. ಆದರೆ ಕಾರ್ನಿಯಾದ ಮೇಲೆ ಕಲೆ ನಿಂತು ದೃಷ್ಟಿ ಸ್ವಲ್ಪ ಮಂಜಾಗಿದೆ. ಮದುವೆಮನೆಯಲ್ಲೇ ನಾನು "ಸೋಮವಾರ ಆಸ್ಪತ್ರೆಗೆ ಬಾ" ಅಂದಿದ್ದರೆ ಬಹುಶಃ ಆ ಮಂಜು ಇರುತ್ತಿರಲಿಲ್ಲ.

ಅದಕ್ಕೇ ನಿಮ್ಮಲ್ಲಿ ಕೆಲವು ಬಿನ್ನಹ. ಕಣ್ಣಿನ ಮಚ್ಚೆ ಹೊಸದಾಗಿ ಬಂದಿದ್ದರೆ, ಬೆಳೆಯುತ್ತಿದ್ದರೆ, ಉಬ್ಬಿದ್ದರೆ, ಬಣ್ಣ ಬದಲಾಗಿದ್ದರೆ, ರಕ್ತ ಬಂದರೆ ತಡ ಮಾಡಬೇಡಿ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು ಎಂದು ಕಾಯಬೇಡಿ. ಸಾಗರದ ಸರ್ಕಾರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ. ತೆಗೆದ ಗಡ್ಡೆ ಎಷ್ಟೇ ಚಿಕ್ಕದಿರಲಿ, ಅದನ್ನು ಪರೀಕ್ಷೆಗೆ ಕಳಿಸಿದರೇ ಎಂದು ಕೇಳಿ, ವರದಿಯನ್ನು ಜೋಪಾನವಾಗಿಡಿ. ಬಿಸಿಲಲ್ಲಿ ದುಡಿಯುವವರು ಅಗಲ ಅಂಚಿನ ಟೋಪಿಯನ್ನೋ ಹಾಳೆಯನ್ನೋ ತಲೆಗಿಡಿ. ಶಿಕ್ಷಕರೇ, ಮಗುವಿನ ಕಣ್ಣಲ್ಲಿ ಮಚ್ಚೆ ಕಂಡರೆ ಒಂದು ಫೋಟೊ ತೆಗೆಸಿಡುವಂತೆ ಅವರ ಮನೆಯವರಿಗೆ ತಿಳಿಸಿ.

ನನ್ನಂತೆ ಇಲ್ಲಿ ಓದಿ ಡಾಕ್ಟರಾದವರಿಗೂ ಒಂದು ಮಾತು. ಊರಿಗೆ ಬಂದಾಗ ಜನ ನಮ್ಮನ್ನು ತಡೆದು ಕೇಳುತ್ತಾರೆ. ಅವರು ನಮ್ಮ ಮಾತನ್ನು ನಂಬುತ್ತಾರೆ. ಆದ್ದರಿಂದ ಸರಿಯಾಗಿ ನೋಡದೆ "ಏನೂ ಇಲ್ಲ" ಎನ್ನಬಾರದು.

ಆ ಗೆಳೆಯ ಇವತ್ತು ಸಭೆಗೆ ಬಂದಿದ್ದಾನೆ. ಮುಂದಿನ ತಿಂಗಳು ಅವನ ತಪಾಸಣೆ ಇದೆ. ಮರೆಯಬೇಡ ಮಾರಾಯ.